ಗಜನಿಯ ಮಹಾಪ್ರಬಂಧವನ್ನು ಪುಸ್ತಕ ಮಾಡುವುದು ಹೇಗೆ?

ಪ್ರಶ್ನೆ: ಕುಮಟಾ ಸಮೀಪದ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿಯಾಗಿದ್ದೇನೆ. ಅಘನಾಶಿನಿ ಅಳಿವೆಯ ಗಜನಿ (ಉಬ್ಬರದ ಉಪ್ಪುನೀರು ತಲುಪುವ ತಗ್ಗು ಗದ್ದೆ) ಬೇಸಾಯ ಮತ್ತು ಅದನ್ನು ನಂಬಿಕೊಂಡ ಸಮುದಾಯಗಳ ಮೇಲೆ ಪಿಎಚ್.ಡಿ. ಮಾಡಿ ಎರಡು ವರ್ಷವಾಯಿತು. ಪ್ರಬಂಧ 412 ಪುಟ ಇದೆ. 'ಇದ್ದ ಹಾಗೇ ಅಚ್ಚು ಹಾಕಿಸಿ, ಬಡ್ತಿಗೆ ಅನುಕೂಲ' ಎಂದು ನನ್ನ ಗೈಡ್ ಹೇಳುತ್ತಾರೆ. 90 ಸಾವಿರ ರೂಪಾಯಿ ಕೊಟ್ಟರೆ 300 ಪ್ರತಿ ಮಾಡಿಕೊಡುವುದಾಗಿ ಒಬ್ಬ ಪ್ರಕಾಶಕರು ಹೇಳಿದ್ದಾರೆ. ಉಚಿತವಾಗಿ ಪ್ರಕಟಿಸುತ್ತೇವೆಂದು ಹೊರದೇಶದಿಂದ ಈಮೇಲ್ ಕೂಡ ಬಂದಿದೆ. 'ಪೂರ್ತಿ ತಿರುಗಿ ಬರೆಯಬೇಕು' ಎನ್ನುತ್ತಾಳೆ ಗೆಳತಿ. ತಿರುಗಿ ಬರೆಯುವುದೆಂದರೆ ಏನು? ಎಲ್ಲಿಂದ ಶುರು ಮಾಡಲಿ? ಪ್ರಬಂಧದ ಪಿಡಿಎಫ್ ಕಳಿಸಿದ್ದೇನೆ.

ಉತ್ತರ: ನಿಮ್ಮ ಗೆಳತಿಯ ಮಾತು ಸರಿ. ಗೈಡ್ ಹೇಳಿದ್ದೂ ನಿಮ್ಮ ಒಳ್ಳೆಯದಕ್ಕೇ. ಆದರೆ ಅವರ ಕಣ್ಣು ಬಡ್ತಿಯ ಕಡತದ ಮೇಲಿದೆ, ನೀವು ಕೇಳುತ್ತಿರುವುದು ಪುಸ್ತಕದ ಬಗ್ಗೆ. ಪಿಡಿಎಫ್ ಅನ್ನು ನಾಲ್ಕು ರಾತ್ರಿ ಕೂತು ಓದಿದೆ. ಅದರೊಳಗೆ ಒಂದು ಒಳ್ಳೆಯ ಪುಸ್ತಕ ಖಂಡಿತ ಇದೆ. ಅದು ಶುರುವಾಗುವುದು ಮಾತ್ರ 338ನೇ ಪುಟದಲ್ಲಿ, ಅನುಬಂಧ ಎರಡರಲ್ಲಿ.

ಅಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು, ತಮ್ಮ ಗಂಡ ಜಂತ್ರಡಿ, ಅಂದರೆ ಗಜನಿಯ ಕಟ್ಟೆಯಲ್ಲಿನ ಹಲಗೆಯ ತೂಬು, ಕಾಯುತ್ತಿದ್ದ ಕಾಲದ ಬಗ್ಗೆ ನಿಮ್ಮ ಹತ್ತಿರ ಮಾತಾಡಿದ್ದಾರೆ. 'ಅಂವ ಒಂದ್ ರಾತ್ರಿ ಮಲಗ್ದಾ ಅಂದ್ರೆ ಊರ ಗದ್ದೆಗೆಲ್ಲಾ ಉಪ್ಪು' ಅಂದಿದ್ದಾರೆ. ನೀವು ಅದನ್ನು ಅವರ ಬಾಯಿಂದ ಬಂದ ಹಾಗೇ ಬರೆದುಕೊಂಡಿದ್ದೀರಿ. ಇದೇ ಸಂಗತಿ ನಾಲ್ಕನೇ ಅಧ್ಯಾಯಕ್ಕೆ ಬರುವಾಗ ಏನಾಗಿದೆ ನೋಡಿ: 'ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಒಳಪಟ್ಟ ಪ್ರದೇಶದಲ್ಲಿ ನೀರಿನ ನಿರ್ವಹಣೆಯು ಸಾಮುದಾಯಿಕ ಸ್ವರೂಪವನ್ನು ಹೊಂದಿದ್ದಿತೆಂಬುದನ್ನು ವಕ್ತೃಗಳ ಹೇಳಿಕೆಗಳಿಂದ ಗುರುತಿಸಬಹುದಾಗಿದೆ (ವಕ್ತೃ 14, 17, 22).'

ಆ ಅಜ್ಜಿ ವಕ್ತೃ 14.

ಈ ವಾಕ್ಯ ತಪ್ಪೆಂದು ನಾನು ಹೇಳುತ್ತಿಲ್ಲ. ಪ್ರಬಂಧಕ್ಕೆ ಅದೇ ಬೇಕಿತ್ತು. ಪ್ರಬಂಧ ಓದುವವರು ನಾಲ್ಕೈದು ಜನ: ಗೈಡ್, ಇಬ್ಬರು ಮೂವರು ಪರೀಕ್ಷಕರು, ವೈವಾಕ್ಕೆ ಬಂದವರು. ಅವರು ಓದುವುದು ನಿಮಗೆ ಗೊತ್ತಿದೆಯೋ ಇಲ್ಲವೋ ಎಂದು ನೋಡಲಿಕ್ಕೆ. ಅದಕ್ಕೇ ನೀವು ಪ್ರತಿ ಹೆಜ್ಜೆಗೂ ಆಧಾರ ಕೊಟ್ಟಿದ್ದೀರಿ, ಯಾವ ಮಾತನ್ನೂ ನಿಮ್ಮ ಹೊಣೆಗೆ ತೆಗೆದುಕೊಳ್ಳದೆ 'ಗುರುತಿಸಬಹುದಾಗಿದೆ', 'ಗಮನಿಸಬಹುದಾಗಿದೆ' ಎಂದು ಹಿಂದೆ ನಿಂತಿದ್ದೀರಿ. ಪುಸ್ತಕ ಹಿಡಿದವರು ನಿಮ್ಮನ್ನು ಪರೀಕ್ಷೆ ಮಾಡಲಿಕ್ಕೆ ಬಂದವರಲ್ಲ. ನಿಮಗೆ ಗೊತ್ತಿದೆ ಎಂದು ನಂಬಿ ದುಡ್ಡು ಕೊಟ್ಟು ಕೊಂಡವರು. ಅವರಿಗೆ ನೀವು ಕಂಡದ್ದು ಬೇಕು. ತಿರುಗಿ ಬರೆಯುವುದೆಂದರೆ ಈ ಜಾಗ ಬದಲಿಸಿಕೊಳ್ಳುವುದು, ಉತ್ತರ ಪತ್ರಿಕೆ ಬರೆಯುತ್ತಿದ್ದವರು ಎದ್ದು ಬಂದು ಹೇಳುವವರ ಜಾಗದಲ್ಲಿ ಕೂರುವುದು. ಪುಟ ಕಡಿಮೆ ಮಾಡುವುದು, ಅಡಿಟಿಪ್ಪಣಿ ತೆಗೆಯುವುದು ಎಲ್ಲ ಆಮೇಲಿನ ಕೆಲಸ.

ಪುಸ್ತಕ ತಿದ್ದುವ ಕೆಲಸಕ್ಕೆ ನಾನು ಹೊಸಬನಾಗಿದ್ದಾಗ, ಒಂದು ಮಹಾಪ್ರಬಂಧವನ್ನು ಇದ್ದ ಹಾಗೇ ಅಚ್ಚಿಗೆ ಕೊಡಲು ಒಪ್ಪಿದ್ದೆ. ಬರೆದವರು ಘಟ್ಟದ ಮೇಲಿನ ಒಂದು ಹಳ್ಳಿಯಲ್ಲಿ ಮೂರು ವರ್ಷ ಓಡಾಡಿ ಕೆಲಸ ಮಾಡಿದವರು. ಪುಸ್ತಕ ಬಂದ ಮೇಲೆ ಒಂದು ಪ್ರತಿ ಹಿಡಿದು ಅದೇ ಹಳ್ಳಿಗೆ ಹೋದರು. ಅವರಿಗೆ ಎಲ್ಲವನ್ನೂ ಹೇಳಿಕೊಟ್ಟಿದ್ದ ಹಿರಿಯರು ಜಗಲಿಯ ಮೇಲೆ ಕನ್ನಡಕ ಹಾಕಿಕೊಂಡು ಪುಟ ತಿರುವುತ್ತ ಹೋಗಿ, ಕೊನೆಗೆ 'ಇದ್ರಲ್ಲಿ ನಮ್ಮೂರು ಎಲ್ಲಿದ್ದು?' ಎಂದು ಕೇಳಿದರಂತೆ. ಮೊದಲ 96 ಪುಟಗಳಲ್ಲಿ ಆ ಊರಿನ ಹೆಸರೇ ಬಂದಿರಲಿಲ್ಲ. ಬರೆದವರು ಆಮೇಲೆ ಇನ್ನೊಂದು ಪುಸ್ತಕ ಬರೆಯಲಿಲ್ಲ. ಮಾರಾಟವಾಗದ ಕಟ್ಟುಗಳು ಶಿರಸಿಯ ಮಳೆಗಾಲದಲ್ಲಿ ಅಟ್ಟದ ಮೇಲೆ ಬೂಸಲು ಹಿಡಿದವು. ಬೇಡ ಎಂದು ಹೇಳಬೇಕಾಗಿದ್ದ ಜಾಗದಲ್ಲಿ ನಾನಿದ್ದೆ, ಹೇಳಲಿಲ್ಲ. ನಿಮಗೆ ಇಷ್ಟುದ್ದ ಬರೆಯುತ್ತಿರುವುದು ಅದಕ್ಕೇ.

ಈಗ ಕೆಲಸಕ್ಕೆ ಬರೋಣ. ಮೊದಲು ಪ್ರಬಂಧವನ್ನು ಮುಚ್ಚಿಡಿ. ಕಂಪ್ಯೂಟರಿನಲ್ಲಿ ಆ ಫೈಲ್ ತೆರೆದಿಟ್ಟುಕೊಂಡು ತಿದ್ದಲು ಕೂತರೆ ಪುಸ್ತಕ ಆಗುವುದಿಲ್ಲ. ಹಳೆಯ ವಾಕ್ಯಗಳು ನಿಮ್ಮನ್ನು ಬಿಡುವುದಿಲ್ಲ, ಒಂದು ಪದ ತೆಗೆದು ಇನ್ನೊಂದು ಹಾಕುವುದರಲ್ಲೇ ಆರು ತಿಂಗಳು ಹೋಗುತ್ತದೆ. ಒಂದು ಬಿಳಿ ಹಾಳೆ ತೆಗೆದುಕೊಂಡು, ನಿಮ್ಮ ಊರಿನ ಅಂಚೆಯಣ್ಣನಿಗೆ ಹೇಳುವ ಹಾಗೆ, ಆರು ವರ್ಷದಲ್ಲಿ ನೀವು ಕಂಡುಕೊಂಡದ್ದೇನು ಎಂದು ಒಂದು ಪುಟ ಬರೆಯಿರಿ. ಪ್ರಬಂಧ ಓದಿದ ಮೇಲೆ ನನಗೆ ಕಂಡದ್ದು ಇದು: ಉಪ್ಪುನೀರಿನ ನಡುವೆ ಭತ್ತ ಬೆಳೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ, ಇಡೀ ಊರು ಒಂದು ಕಟ್ಟಳೆಗೆ ಒಪ್ಪಿ ಬದುಕಿತ್ತು, ಗದ್ದೆಗಳು ಸಿಗಡಿ ಗುತ್ತಿಗೆಗೆ ಹೋದಾಗ ಮೊದಲು ಮುರಿದದ್ದು ಕಟ್ಟೆಯಲ್ಲ, ಆ ಕಟ್ಟಳೆ. ಇದು ನಿಮ್ಮದೇ ಮಾತು, ಉಪಸಂಹಾರದಲ್ಲಿ ಒಂಬತ್ತನೇ ಅಂಶವಾಗಿ ಕೂತಿದೆ. ಅದು ಪುಸ್ತಕದ ಬೆನ್ನೆಲುಬು ಆಗಬೇಕು. ಅದಕ್ಕೆ ಸೇರದ್ದು, ಎಷ್ಟೇ ಕಷ್ಟಪಟ್ಟು ಸಂಗ್ರಹಿಸಿದ್ದಾದರೂ, ಬೇರೆ ಲೇಖನಕ್ಕೆ ಇಟ್ಟುಕೊಳ್ಳಿ.

ಮೊದಲ ಅಧ್ಯಾಯ ಪೂರ್ತಿ ಹೋಗಲಿ. ಅಧ್ಯಯನದ ಉದ್ದೇಶ, ವ್ಯಾಪ್ತಿ, ಮಿತಿ, ವಿಧಾನ ಯಾವುದೂ ಓದುಗರಿಗೆ ಬೇಕಿಲ್ಲ. ಎರಡನೆಯದೂ ಹೋಗಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮೇಲೆ ಬಂದ ಪ್ರಬಂಧಗಳಲ್ಲಿ ನಾನು ಕಂಡವೆಲ್ಲ ಒಂದೇ ರೀತಿ ಶುರುವಾಗುತ್ತವೆ: ಅಕ್ಷಾಂಶ ರೇಖಾಂಶ, ಮಳೆಯ ಪ್ರಮಾಣ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ನದಿ, 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು, 1883ರ ಗೆಜೆಟಿಯರಿನಿಂದ ಒಂದೂವರೆ ಪುಟದ ಉದ್ಧರಣೆ. ಇವು ಸುಳ್ಳಲ್ಲ, ಆದರೆ ಕತೆಗೆ ಬೇಕಾದಾಗ ಮಾತ್ರ ಬರಲಿ. ಉದಾಹರಣೆಗೆ, ಅಘನಾಶಿನಿಗೆ ಅಣೆಕಟ್ಟಿಲ್ಲ ಎನ್ನುವ ಸಂಗತಿ ನಿಮ್ಮ ಪುಸ್ತಕಕ್ಕೆ ಬಹಳ ಮುಖ್ಯ. ನಮ್ಮ ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿದ ನೀರು ತಡೆಯಿಲ್ಲದೆ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಆ ಸಿಹಿನೀರು ರಭಸದಿಂದ ಬಂದು ಅಳಿವೆಯ ಉಪ್ಪನ್ನು ತೊಳೆದುಹಾಕುವುದರಿಂದಲೇ ಗಜನಿಯಲ್ಲಿ ಕಗ್ಗ ಭತ್ತ ಬಿತ್ತಲಿಕ್ಕೆ ಆಗುವುದು. ಹೀಗೆ ಬಂದರೆ ನದಿ ಕತೆಯೊಳಗೆ ಇರುತ್ತದೆ. 'ಜಿಲ್ಲೆಯ ನದಿಗಳು' ಎಂಬ ಉಪಶೀರ್ಷಿಕೆಯ ಕೆಳಗೆ ಇದ್ದರೆ ಓದುಗರು ಪುಟ ಹಾರಿಸುತ್ತಾರೆ.

ತಾತ್ವಿಕ ಚೌಕಟ್ಟಿನ 38 ಪುಟಗಳನ್ನು ಏನು ಮಾಡಲಿ ಎಂದು ನಿಮಗೆ ಚಿಂತೆಯಾಗಬಹುದು. ಅದನ್ನು ಪೂರ್ತಿ ಎಸೆಯಬೇಡಿ. ಎಲ್ಲರಿಗೂ ಸೇರಿದ ಸಂಪತ್ತನ್ನು ಪ್ರತಿಯೊಬ್ಬರೂ ತಮ್ಮ ಲಾಭಕ್ಕೆ ಬಳಸಿ ಹಾಳುಮಾಡಿಬಿಡುತ್ತಾರೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದರು. ಹಾಗೇನಿಲ್ಲ, ಜನ ತಾವೇ ನಿಯಮ ಮಾಡಿಕೊಂಡು ತಲೆಮಾರುಗಟ್ಟಲೆ ಕಾಪಾಡಿಕೊಂಡ ಉದಾಹರಣೆ ಬೇಕಷ್ಟಿವೆ ಎಂದು ಎಲಿನಾರ್ ಆಸ್ಟ್ರಮ್ ತೋರಿಸಿದರು. 2009ರ ಅರ್ಥಶಾಸ್ತ್ರದ ನೊಬೆಲ್ ಅವರಿಗೆ ಬಂದದ್ದು ಈ ಕೆಲಸಕ್ಕೆ. ನೀವು ಈ ವಾದಗಳನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದೀರಿ, ಆದರೆ ಗಜನಿಯಿಂದ ಇನ್ನೂರು ಪುಟ ದೂರದಲ್ಲಿ ಇಟ್ಟಿದ್ದೀರಿ. ಜಂತ್ರಡಿಯ ಹಲಗೆ ಯಾರು ಎತ್ತಬೇಕು, ಕಾವಲುಗಾರನಿಗೆ ಊರವರು ಏನು ಕೊಡಬೇಕು, ಮೈಮರೆತರೆ ದಂಡ ಏನು ಎಂದು ಹೇಳಿ ಮುಗಿಸಿದ ಜಾಗದಲ್ಲಿ ಎರಡು ಪುಟ ಆಸ್ಟ್ರಮ್ ಬರಲಿ. ಅಷ್ಟರಲ್ಲಿ ಓದುಗರು ತಾವೇ ಆ ಪ್ರಶ್ನೆಗೆ ಬಂದಿರುತ್ತಾರೆ.

ಪೂರ್ವಾಧ್ಯಯನಗಳ ಸಮೀಕ್ಷೆಯನ್ನು ಪುಸ್ತಕದ ಕೊನೆಯಲ್ಲಿ ನಾಲ್ಕು ಪುಟದ 'ಇನ್ನಷ್ಟು ಓದಿಗೆ' ಮಾಡಿ. ಕೋಷ್ಟಕಗಳು 47 ಇವೆ. ಮೂರೋ ನಾಲ್ಕೋ ಸಾಕು.

ಇನ್ನು ಅಧ್ಯಾಯಗಳ ಜೋಡಣೆ. ಈಗ 'ಸಾಮಾಜಿಕ ಆಯಾಮ', 'ಆರ್ಥಿಕ ಆಯಾಮ', 'ಸಾಂಸ್ಕೃತಿಕ ಆಯಾಮ' ಎಂದು ವಿಂಗಡಿಸಿದ್ದೀರಿ. ಗದ್ದೆಯಲ್ಲಿ ನಿಂತವರಿಗೆ ಇವು ಬೇರೆಬೇರೆಯಾಗಿ ಕಾಣುವುದಿಲ್ಲ. ನಿಮ್ಮ ಹತ್ತಿರ ಇದಕ್ಕಿಂತ ಗಟ್ಟಿಯಾದ ಕ್ರಮ ಇದೆ, ಗಜನಿಯ ಒಂದು ವರ್ಷ. ಮಳೆಗೆ ಮುಂಚೆ ಕಟ್ಟೆ ಭದ್ರಮಾಡುವುದು, ಜೂನ್ ಮಳೆಗೆ ಉಪ್ಪು ತೊಳೆದು ಹೋಗುವುದನ್ನು ಕಾಯುವುದು, ಮೊಳಕೆ ಬರಿಸಿದ ಕಗ್ಗದ ಬೀಜ ಬಿತ್ತುವುದು, ನೆರೆಯಲ್ಲಿ ಪೈರು ಮುಳುಗಿ ಎದ್ದು ಬರುವುದು, ಕೊಯ್ಲು, ಆಮೇಲೆ ಜಂತ್ರಡಿ ತೆರೆದು ಸಮುದ್ರದ ನೀರನ್ನು ಒಳಗೆ ಬಿಟ್ಟು ಮೀನು ಸಿಗಡಿ ಹಿಡಿಯುವುದು. ಇಷ್ಟಕ್ಕೆ ಐದು ಅಧ್ಯಾಯ. ಆ ವರ್ಷದ ಚಕ್ರ ಓದುಗರಿಗೆ ಅಭ್ಯಾಸವಾದ ಮೇಲೆ, 1990ರ ದಶಕದ ಸಿಗಡಿ ಗುತ್ತಿಗೆಗಳು ಬಂದು ಅದು ಹೇಗೆ ತಪ್ಪಿತು ಎನ್ನುವುದಕ್ಕೆ ಎರಡು ಅಧ್ಯಾಯ. ಹೀಗೆ ಬರೆದರೆ ಆರ್ಥಿಕ, ಸಾಮಾಜಿಕ ಎಲ್ಲ ತಾನಾಗಿ ಒಳಗೆ ಬರುತ್ತದೆ.

ಕೊನೆಯ ಆ ಎರಡು ಅಧ್ಯಾಯಗಳಿಗೆ ಹೊಸದಾಗಿ ಓದಬೇಕಾದದ್ದಿದೆ. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಕೊಳಗಳ ಬಗ್ಗೆ ಕೊಟ್ಟ ತೀರ್ಪನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಕರಾವಳಿ ನಿಯಂತ್ರಣ ವಲಯದ ಕೊಳಗಳನ್ನು ತೆರವು ಮಾಡಬೇಕೆಂದ ಆ ತೀರ್ಪು ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತು. ಹಾಗಾದರೆ ಗಜನಿಯಲ್ಲಿ ಸಾಂಪ್ರದಾಯಿಕ ಎಂದರೆ ಯಾವುದು, ಯಾವುದು ಅಲ್ಲ ಎನ್ನುವ ಪ್ರಶ್ನೆ ನಿಮ್ಮ ವಿಷಯದ ನಡುಮಧ್ಯದಲ್ಲೇ ಕೂತಿದೆ, ಅದನ್ನು ನಿಮ್ಮಷ್ಟು ಬಲ್ಲವರು ಕಡಿಮೆ. ಹಾಗೆಯೇ 2024ರಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರು ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಪ್ರಬಂಧದಲ್ಲಿ ಅದಿಲ್ಲ. ಪುಸ್ತಕದಲ್ಲಿ ಇಲ್ಲದಿದ್ದರೆ ಮೊದಲ ದಿನವೇ ಹಳತಾಗುತ್ತದೆ. ಮತ್ತೊಮ್ಮೆ ಊರಿಗೆ ಹೋಗಿ ಬನ್ನಿ, ಈ ಸಲ ಪ್ರಶ್ನಾವಳಿ ಇಲ್ಲದೆ.

ಬರವಣಿಗೆ ಹೇಗಿರಬೇಕು ಎಂದು ನಿಮ್ಮ ಆ ವಾಕ್ಯವನ್ನೇ ತೆಗೆದುಕೊಂಡು ನಾನು ಬರೆದು ನೋಡಿದೆ:

'ಉಬ್ಬರ ದಿನಕ್ಕೆ ಎರಡು ಸಲ. ಇವತ್ತು ಬಂದ ಹೊತ್ತಿಗೆ ನಾಳೆ ಬರುವುದಿಲ್ಲ, ಸುಮಾರು 50 ನಿಮಿಷ ತಡ. ಹಾಗಾಗಿ ಜಂತ್ರಡಿ ಕಾಯುವವನ ಪಾಲಿಗೆ ಹಗಲು ರಾತ್ರಿ ಎಂಬುದಿರಲಿಲ್ಲ. ಗದ್ದೆಯಲ್ಲಿ ಭತ್ತ ಇರುವಷ್ಟು ದಿನ, ನೀರು ಏರುವ ಮೊದಲು ಹಲಗೆ ಇಳಿಸಬೇಕು. ಇಳಿತ ಶುರುವಾದ ಮೇಲೆ ಹಲಗೆ ಎತ್ತಿ ಒಳಗಿನ ಮಳೆನೀರು ಹೊರಗೆ ಬಿಡಬೇಕು. ಅಂವ ಒಂದ್ ರಾತ್ರಿ ಮಲಗ್ದಾ ಅಂದ್ರೆ ಊರ ಗದ್ದೆಗೆಲ್ಲಾ ಉಪ್ಪು, ಎಂದರು ಅಜ್ಜಿ. ಮದುವೆಯಾಗಿ ಬಂದ ಮೊದಲ ಮಳೆಗಾಲ ಗಂಡನ ಹಿಂದೆ ಅವರೇ ಲಾಟೀನು ಹಿಡಿದುಕೊಂಡು ಹೋಗುತ್ತಿದ್ದರಂತೆ.'

ಇದರಲ್ಲಿರುವ ಒಂದೊಂದು ವಿವರವೂ ನಿಮ್ಮ ಪ್ರಬಂಧದ್ದೇ. ಲಾಟೀನು 340ನೇ ಪುಟದಲ್ಲಿತ್ತು. 'ಸಾಮುದಾಯಿಕ ಸ್ವರೂಪ' ಎಂಬ ಪದ ಎಲ್ಲೂ ಬಂದಿಲ್ಲ, ಆದರೆ ಒಬ್ಬನ ನಿದ್ದೆಯ ಮೇಲೆ ಇಡೀ ಊರಿನ ಗದ್ದೆ ನಿಂತಿತ್ತು ಎಂದು ಗೊತ್ತಾಗುತ್ತದೆ. ಮಾತಿನ ಭಾಷೆಯನ್ನು ಶಿಷ್ಟ ಕನ್ನಡಕ್ಕೆ ತಿರುಗಿಸಬೇಡಿ. ಕುಮಟಾದ 'ಹಾಕೂಕೆ', 'ಹೋಗೂಕೆ' ಹಾಗೇ ಇರಲಿ, ಬಳ್ಳಾರಿಯವರಿಗೂ ಅರ್ಥವಾಗುತ್ತದೆ. ತೀರ ಸ್ಥಳೀಯ ಪದಗಳಿಗೆ ಕೊನೆಯಲ್ಲೊಂದು ಪದಕೋಶ ಕೊಡಿ. ಪ್ರಬಂಧದಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗಗಳಲ್ಲಿ ನಿಮ್ಮ ಪದಪಟ್ಟಿಯೂ ಒಂದು, ಅದನ್ನು ಕೈಬಿಡಬೇಡಿ.

ವಕ್ತೃಗಳ ಪಟ್ಟಿಯ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಅನುಬಂಧ ಮೂರರಲ್ಲಿ 41 ಜನರ ಹೆಸರು, ವಯಸ್ಸು, ಜಾತಿ, ಊರು, ಮೊಬೈಲ್ ನಂಬರು ಎಲ್ಲ ಇದೆ. ಅದು ಪುಸ್ತಕಕ್ಕೆ ಬರಬಾರದು. ಗುತ್ತಿಗೆಯ ಹಣದ ವಿಷಯದಲ್ಲಿ ನೆರೆಯವರ ಮೇಲೆ ಮಾತಾಡಿದವರೂ ಅದರಲ್ಲಿದ್ದಾರೆ, ನಿಮ್ಮ ಪುಸ್ತಕ ಅದೇ ಊರಿನ ಅಂಗಡಿಗೆ ಬರುತ್ತದೆ. ಹೆಸರು ಹಾಕಬಹುದೇ ಎಂದು ಒಬ್ಬೊಬ್ಬರನ್ನೂ ಖುದ್ದಾಗಿ ಕೇಳಿ. ಸಂಶೋಧನೆಗೆಂದು ಮಾತಾಡಿದವರು ಪುಸ್ತಕಕ್ಕೂ ಒಪ್ಪಿದ್ದಾರೆ ಎಂದು ನಾವು ತಿಳಿದುಕೊಳ್ಳುವಂತಿಲ್ಲ. ನೀವು ತೆಗೆದ ಫೋಟೊಗಳಿಗೂ ಇದೇ ಮಾತು. ಬೇರೆಯವರು ತೆಗೆದ ಫೋಟೊ, ನಕ್ಷೆಗಳಿಗೆ ಲಿಖಿತ ಅನುಮತಿ ಬೇಕು. 1883ರ ಗೆಜೆಟಿಯರಿನ ಹಕ್ಕುಸ್ವಾಮ್ಯ ಯಾವಾಗಲೋ ಮುಗಿದಿದೆ, ಅದರ ಚಿಂತೆ ಬೇಡ.

ಪ್ರಬಂಧ ಈಗಾಗಲೇ ಶೋಧಗಂಗಾ ಎಂಬ ಪಿಎಚ್.ಡಿ. ಪ್ರಬಂಧಗಳ ಜಾಲತಾಣದಲ್ಲಿ ಇದೆಯಲ್ಲ, ಪುಸ್ತಕಕ್ಕೆ ತೊಡಕಾಗುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಕನ್ನಡದ ಪ್ರಕಾಶಕರು ಅದನ್ನು ಅಡ್ಡಿ ಎಂದು ನೋಡಿದ್ದು ನನ್ನ ಅನುಭವದಲ್ಲಿ ಇಲ್ಲ. 'ಈ ಕೃತಿ ಇಂಥ ವರ್ಷ ಇಂಥ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಮಹಾಪ್ರಬಂಧವನ್ನು ಆಧರಿಸಿದ್ದು' ಎಂದು ಅರಿಕೆಯಲ್ಲಿ ಒಂದು ಸಾಲು ಬರೆದರಾಯಿತು. ಆದರೆ ಪ್ರಕಟಣೆಗೆ ಮೊದಲು ಅನುಮತಿ ಪಡೆಯಬೇಕೆಂಬ ನಿಯಮ ಕೆಲವು ವಿಶ್ವವಿದ್ಯಾಲಯಗಳಲ್ಲಿದೆ. ನಿಮ್ಮದರ ಪಿಎಚ್.ಡಿ. ನಿಯಮಾವಳಿ ತೆಗೆದು ನೋಡಿ, ಇದ್ದರೆ ಒಂದು ಅರ್ಜಿ ಹಾಕಿ.

ಒಂದು ತಾಂತ್ರಿಕ ಕಷ್ಟವಿದೆ, ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರಬಂಧವನ್ನು ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೀರಿ. ಅನುಬಂಧದ ಸಂದರ್ಶನಗಳನ್ನು ಪುಸ್ತಕಕ್ಕೆ ತರಲು ಯೂನಿಕೋಡ್‌ಗೆ ಪರಿವರ್ತಿಸಬೇಕಾಗುತ್ತದೆ. ಆಗ ಅರ್ಕಾವತ್ತು ಜಾಗ ತಪ್ಪಬಹುದು, ಅಂಕಿಗಳು ಕೆಡಬಹುದು, ನಡುನಡುವೆ ಇರುವ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬಿಡುತ್ತವೆ. ಪರಿವರ್ತಿಸಿದ ಮೇಲೆ ಮೂಲ ಪ್ರತಿ ಪಕ್ಕಕ್ಕಿಟ್ಟುಕೊಂಡು ಸಾಲು ಸಾಲು ನೋಡಿ. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ನೋಡುವುದು, ಕರಡು ತಿದ್ದಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಇನ್ನೂ ಸಿಕ್ಕಿಲ್ಲ.

ಈಗ ಆ 90 ಸಾವಿರದ ವಿಷಯ. 300 ಪ್ರತಿಗೆ 90 ಸಾವಿರ ಎಂದರೆ ಪ್ರತಿಗೆ 300 ರೂಪಾಯಿ ನಿಮ್ಮ ಕೈಯಿಂದ. ಮುದ್ರಣದ ಖರ್ಚು, ಅವರ ಲಾಭ ಎರಡೂ ಅದರಲ್ಲೇ ಬಂದುಬಿಡುತ್ತದೆ. ಆಮೇಲೆ ಒಂದು ಪ್ರತಿಯನ್ನೂ ಮಾರುವ ಅಗತ್ಯ ಅವರಿಗೆ ಉಳಿಯುವುದಿಲ್ಲ. ಒಪ್ಪಬೇಡಿ. ಹೊರದೇಶದ ಈಮೇಲ್‌ಗೆ ಉತ್ತರವನ್ನೂ ಬರೆಯಬೇಡಿ. ಪ್ರಬಂಧಗಳು ಜಾಲಕ್ಕೇರಿದ ಮೇಲೆ ಅಂಥ ಪತ್ರಗಳು ಎಲ್ಲರಿಗೂ ಬರುತ್ತವೆ. ಅವರು ಒಂದು ಅಕ್ಷರವನ್ನೂ ತಿದ್ದುವುದಿಲ್ಲ, ಕುಮಟಾದ ಯಾರೂ ಕೊಳ್ಳಲಾಗದ ಬೆಲೆ ಇಡುತ್ತಾರೆ, ನಿಮ್ಮ ಹಕ್ಕನ್ನು ಬರೆಸಿಕೊಳ್ಳುತ್ತಾರೆ. 'ಐಎಸ್‌ಬಿಎನ್ ಕೊಡಿಸುತ್ತೇವೆ' ಎನ್ನುವ ಆಸೆಗೂ ಬೀಳಬೇಕಿಲ್ಲ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಬಹುದು.

ನೀವು ಮಾಡಬೇಕಾದದ್ದು ಬೇರೆ. ಎರಡು ಪುಟದ ಪರಿಚಯ ಮತ್ತು ಹೊಸದಾಗಿ ಬರೆದ ಒಂದು ಅಧ್ಯಾಯ, ಇಷ್ಟನ್ನೇ ಕಳಿಸಿ. ಇಡೀ ಪ್ರಬಂಧ ಕಳಿಸಿದರೆ ಯಾರೂ ತೆರೆಯುವುದಿಲ್ಲ. ನೆಲ, ಜಲ, ಜಾನಪದದ ಪುಸ್ತಕ ತರುವ ಪ್ರಕಾಶಕರು ಯಾರು ಎಂದು ನಿಮ್ಮ ಕಪಾಟಿನಲ್ಲೇ ನೋಡಿ, ಅವರಿಗೇ ಬರೆಯಿರಿ. ವಿಶ್ವವಿದ್ಯಾಲಯಗಳ ಪ್ರಸಾರಾಂಗವೂ ಒಂದು ದಾರಿ, ಅಲ್ಲಿ ತಡವಾಗುತ್ತದೆ ಅಷ್ಟೇ. ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ. ಅದಕ್ಕೆ ವಯೋಮಿತಿ ಇರುವುದರಿಂದ ಪ್ರಕಟಣೆ ಬಂದಾಗ ಮೊದಲು ಅದನ್ನು ಓದಿ.

ಒಪ್ಪಂದವಿಲ್ಲದೆ ಹಸ್ತಪ್ರತಿ ಕೊಡಬೇಡಿ. ನಮ್ಮಲ್ಲಿ ಬಾಯಿಮಾತಿನಲ್ಲೇ ಮುಗಿಯುವುದು ಹೆಚ್ಚು, ಆಮೇಲೆ ಸ್ನೇಹವೂ ಕೆಡುತ್ತದೆ. ಮುಖಬೆಲೆಯ ಶೇಕಡಾ 10 ಕನ್ನಡದಲ್ಲಿ ರೂಢಿಯ ರಾಯಲ್ಟಿ. ಎಷ್ಟು ಪ್ರತಿ, ಎಷ್ಟು ವರ್ಷದ ಹಕ್ಕು, ಅನುವಾದ ಮತ್ತು ಇ-ಪುಸ್ತಕದ ಹಕ್ಕು ಯಾರದು ಎಂದು ಬರೆಸಿಕೊಳ್ಳಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ಹಕ್ಕನ್ನು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಅದು 5 ವರ್ಷ ಎಂದೇ ಲೆಕ್ಕ. ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಬೇರೆ ಮಾತು ಬರೆದಿಲ್ಲದ ಪಕ್ಷದಲ್ಲಿ, ಹಕ್ಕು ಬಿದ್ದುಹೋಗುತ್ತದೆ. ಇದು ಗೊತ್ತಿಲ್ಲದೆ ಹಸ್ತಪ್ರತಿಯನ್ನು ಆರೇಳು ವರ್ಷ ಒಬ್ಬರ ಮನೆಯಲ್ಲಿ ಕೊಳೆಯಲು ಬಿಟ್ಟವರನ್ನು ಕಂಡಿದ್ದೇನೆ.

ಪುಸ್ತಕದ ಹೆಸರಿನಲ್ಲಿ 'ಒಂದು ಅಧ್ಯಯನ' ಬೇಡ. 'ಒಂದು ಸಮೀಕ್ಷೆ'ಯೂ ಬೇಡ. ಹೆಸರು ಹುಡುಕುತ್ತ ಈಗಲೇ ತಲೆಕೆಡಿಸಿಕೊಳ್ಳಬೇಡಿ, ಬರೆಯುತ್ತಿದ್ದ ಹಾಗೆ ನಿಮ್ಮ ಪದಪಟ್ಟಿಯಿಂದಲೇ ಎದ್ದು ಬರುತ್ತದೆ.

ಎಷ್ಟು ದಿನ ಬೇಕು ಎಂದರೆ, ಕಾಲೇಜಿನ ಪಾಠ, ಮನೆ, ಮೌಲ್ಯಮಾಪನ ಎಲ್ಲದರ ನಡುವೆ ಒಂದೂವರೆ ವರ್ಷ ಇಟ್ಟುಕೊಳ್ಳಿ. ಜಂತ್ರಡಿಯ ಅಧ್ಯಾಯವನ್ನು ಮೊದಲು ಬರೆಯಿರಿ, ಅದೇ ನಿಮಗೆ ಹದ ಹಿಡಿಸಿಕೊಡುತ್ತದೆ. ಬರೆದಾದ ಮೇಲೆ ನನಗೆ ಕಳಿಸುವುದಕ್ಕಿಂತ ಮುಂಚೆ ಆ ಅಜ್ಜಿಯ ಮನೆಗೆ ಹೋಗಿ ಓದಿ ಹೇಳಿ. ತಪ್ಪಿದ್ದರೆ ಅವರು ತಿದ್ದುತ್ತಾರೆ. ನೀವು ಕೇಳಲು ಮರೆತದ್ದನ್ನೂ ಹೇಳುತ್ತಾರೆ.

ಪುಸ್ತಕ ಬಂದ ಮೇಲೆ, 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸಬೇಕಾದವರು ಪ್ರಕಾಶಕರು, ನೆನಪಿಸಿ. ಸರ್ಕಾರಿ ಗ್ರಂಥಾಲಯಗಳ ಸಗಟು ಖರೀದಿಗೆ ಅರ್ಜಿ ಹಾಕುವುದೂ ಅವರದೇ ಕೆಲಸ. ನೀವು ಮಾತ್ರ ಒಪ್ಪಂದದಲ್ಲಿ ಗೌರವ ಪ್ರತಿಗಳ ಸಂಖ್ಯೆಯನ್ನು 50ಕ್ಕೆ ಏರಿಸಿ ಬರೆಸಿಕೊಳ್ಳಿ. ಅನುಬಂಧ ಮೂರರ ಪಟ್ಟಿಯನ್ನು ಪುಸ್ತಕದಿಂದ ತೆಗೆಯಿರಿ ಎಂದೆ, ಹರಿದು ಹಾಕಿ ಎನ್ನಲಿಲ್ಲ. ಆ 41 ಮನೆಗಳಿಗೆ ಒಂದೊಂದು ಪ್ರತಿ ಹಿಡಿದುಕೊಂಡು ನೀವೇ ಹೋಗಬೇಕು.